ಬೇಡವಾದ ಕುದುರೆಗೆ ಬೇಕೆನ್ನುವ ಮನೆ

‘ಕುದುರೆ ಕಂಡರೆ ಕಾಲು ನೋವು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಕುದುರೆ ಎಲ್ಲರಿಗೂ ಬೇಕಾಗಿತ್ತು. ಬಸ್ಸು, ಆಟೊಗಳು ಬಂದ ಮೇಲೆ ಬಯಲುಸೀಮೆಯ ಊರುಗಳಲ್ಲಿ ಜಟಕಾ ಅಪರೂಪವಾಯಿತು. ಈಗ ನಮ್ಮ ಕಣ್ಣಿಗೆ ಬೀಳುವುದು ಮೈಸೂರಿನ ಟಾಂಗಾ ಕುದುರೆಗಳು, ಮದುವೆ ಮೆರವಣಿಗೆಯ ಕುದುರೆಗಳು, ರೇಸಿನ ಕುದುರೆಗಳು.

ಸಮಸ್ಯೆ ಇರುವುದು ಸರಳ ಲೆಕ್ಕದಲ್ಲಿ. ರೇಸಿನ ಕುದುರೆ ಎರಡನೆಯ ವಯಸ್ಸಿಗೇ ಓಟಕ್ಕಿಳಿಯುತ್ತದೆ. ಸಾಮಾನ್ಯವಾಗಿ ಹತ್ತು ತುಂಬುವ ಮುನ್ನವೇ ನಿವೃತ್ತಿ. ಆದರೆ ಚೆನ್ನಾಗಿ ಸಾಕಿದರೆ ಕುದುರೆಯ ಆಯಸ್ಸು 25ರಿಂದ 30 ವರ್ಷ. ಮೇಷ್ಟರಿಗಾದರೆ ಪಿಂಚಣಿ ಉಂಟು, ಕುದುರೆಗೆ?

ಬೀದಿಗೆ ಬಿಟ್ಟರಾಯಿತು ಎನ್ನುವವರಿದ್ದಾರೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಆದರೆ ಮೊದಲ ತಪ್ಪಿಗೆ ಆಗ ನಿಗದಿಯಾದ ದಂಡ 10ರಿಂದ 50 ರೂಪಾಯಿ. ಒಂದು ದಿನದ ಮೇವಿಗೂ ಸಾಲದ ಹಣ! ಕಾನೂನಿಗಿಂತ ಕರುಣೆಯನ್ನೇ ನಂಬಬೇಕಾಗಿದೆ.

ಕರುಣೆಯ ಜೊತೆಗೆ ತಿಳಿವಳಿಕೆಯೂ ಬೇಕು. ಕುರುಡುಮಲೆಯ ಸುತ್ತಮುತ್ತ ಹಸು ಕಟ್ಟದ ಮನೆ ಕಡಿಮೆ. ‘ಹಸುಗಳ ಜೊತೆ ಇದೂ ಒಂದು ಇರಲಿ’ ಎಂದು ಕುದುರೆ ತರುವುದು ಸುಲಭ. ಆದರೆ ಹಸುವಿನ ಹೊಟ್ಟೆಗೆ ನಾಲ್ಕು ಕೋಣೆ. ಅದು ಮೆಲುಕು ಹಾಕುತ್ತದೆ. ಕುದುರೆಯದು ಒಂದೇ ಕೋಣೆಯ ಚಿಕ್ಕ ಜಠರ. ಅದು ವಾಂತಿ ಮಾಡಲಾರದು. ಆದ್ದರಿಂದ ಕೆಟ್ಟ ಮೇವು ತಿಂದು ಬರುವ ಹೊಟ್ಟೆಶೂಲೆ ಪ್ರಾಣವನ್ನೇ ತೆಗೆಯಬಹುದು. ಟೊಮೆಟೊ ಗಿಡ, ಹರಳು ಬೀಜ, ಕಣಗಿಲೆ ಎಲೆ ಇವೆಲ್ಲ ಅದಕ್ಕೆ ವಿಷ. ಕೋಳಿ ಆಹಾರದಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕೋಳಿಗೆ ಒಳ್ಳೆಯದು, ಕುದುರೆಗೆ ಮೃತ್ಯು.

300 ಕಿಲೋ ತೂಕದ ಕುದುರೆಗೆ ದಿನಕ್ಕೆ ಐದಾರು ಕಿಲೋ ಒಣಹುಲ್ಲು, 20-30 ಲೀಟರ್ ನೀರು ಬೇಕು. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಕೊಳವೆಬಾವಿ ಬತ್ತುವ ನಮ್ಮ ಸೀಮೆಯಲ್ಲಿ ಇದನ್ನು ಮೊದಲೇ ಯೋಚಿಸಬೇಕು.

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದಂತೆ. ಕುದುರೆಯದಾದರೆ ಎಣಿಸಲೇಬೇಕು, ವಯಸ್ಸು ತಿಳಿಯುವುದು ಹಲ್ಲಿನಿಂದ. ಪಶುವೈದ್ಯರಿಂದ ರಕ್ತಪರೀಕ್ಷೆಯೂ ಆಗಲಿ. ಗ್ಲ್ಯಾಂಡರ್ಸ್ ಎಂಬ ಸೋಂಕು ಕುದುರೆಯಿಂದ ಮನುಷ್ಯನಿಗೂ ಹರಡಬಲ್ಲದು. ಹರಿಯಾಣದ ಹಿಸಾರದಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಇದರ ಪರೀಕ್ಷೆ ನಡೆಯುತ್ತದೆ.

ಕೊಡುವವರೂ ಕಣ್ಣು ಮುಚ್ಚಿ ಕೊಡಬಾರದು. ಹೊಸ ಮನೆಯ ನೆರಳು, ನೀರು, ಮೇವು ನೋಡಿ ಬರಬೇಕು. ಕುದುರೆ ಗುಂಪಿನ ಪ್ರಾಣಿ; ಒಂಟಿಯಾಗಿ ಕಟ್ಟಿದರೆ ಕೊರಗುತ್ತದೆ, ಅಲ್ಲಿ ಜೊತೆಗಾರರಿದ್ದಾರೆಯೇ ಎಂದು ಕೇಳಬೇಕು. ಸಾಕಲಾಗದಿದ್ದರೆ ಮಾರದೆ ಹಿಂದಿರುಗಿಸುವಂತೆ ಕಾಗದದಲ್ಲಿ ಬರೆಸಿಕೊಳ್ಳಬೇಕು. ತಿಂಗಳು ಕಳೆದ ಮೇಲೆ ಒಮ್ಮೆ ಹೋಗಿ ಅದರ ಪಕ್ಕೆಲುಬು ನೋಡಿ ಬಂದರೆ ಮನೆ ಎಂಥದೆಂದು ತಿಳಿಯುತ್ತದೆ. ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ಕ್ಯೂಪಾದಂತಹ ಪ್ರಾಣಿದಯಾ ಸಂಸ್ಥೆಗಳ ಸಲಹೆಯನ್ನೂ ಕೇಳಬಹುದು.

ವಾಸಿಯಾಗದ ನೋವಿನಲ್ಲಿರುವ ಮುದಿ ಕುದುರೆಗೆ ಮನೆ ಸಿಗದಿದ್ದರೆ? ಕಹಿಯಾದರೂ ಹೇಳಬೇಕು: ಕೈಯಿಂದ ಕೈಗೆ ಮಾರಾಟವಾಗಿ ರಸ್ತೆಬದಿ ಬೀಳುವುದಕ್ಕಿಂತ ಪಶುವೈದ್ಯರ ಕೈಯಲ್ಲಿ ನೋವಿಲ್ಲದ ಸಾವು ಮೇಲು.

ಹೊಸ ಕೆಲಸಕ್ಕೆ ಮುನ್ನ ಕುರುಡುಮಲೆಯ ಆಳೆತ್ತರ ಮೀರಿದ ಗಣಪನಿಗೆ ಕೈಮುಗಿಯುವುದು ನಮ್ಮ ಕಡೆಯ ರೂಢಿ. ಕುದುರೆ ತರುವವರೂ ಕೈಮುಗಿಯಲಿ. ಆದರೆ ಮುಂದಿನ ಇಪ್ಪತ್ತು ವರ್ಷದ ಹುಲ್ಲಿನ ಲೆಕ್ಕವನ್ನು ಅದಕ್ಕೂ ಮೊದಲೇ ಹಾಕಿರಲಿ.