ಕೇಪಳದ ಎಲೆ ಹಳದಿಗಟ್ಟಿದರೆ

ಕೇಪಳ, ಗಾರ್ಡೇನಿಯಾ, ಅಜೇಲಿಯಾಗಳು ಹುಳಿ ಮಣ್ಣನ್ನು ಬಯಸುವ ಪೊದೆಗಳು. ಮಣ್ಣಿನ ರಸಸಾರ, ಅಂದರೆ ಪಿಎಚ್, 5ರಿಂದ 6ರ ಆಸುಪಾಸಿನಲ್ಲಿದ್ದರೆ ಇವು ಹಚ್ಚಗೆ ಬೆಳೆಯುತ್ತವೆ. ಕರಾವಳಿಯ ಜಂಬಿಟ್ಟಿಗೆ ಗುಡ್ಡದಲ್ಲಿ ಆರೈಕೆಯಿಲ್ಲದೆ ಹೂಬಿಡುವ ಕೇಪಳ, ಬಯಲುಸೀಮೆಯ ಅಂಗಳದಲ್ಲಿ ಗಡಸು ಬೋರ್‌ವೆಲ್ ನೀರು ಕುಡಿದು ಹಳದಿಗಟ್ಟುವುದುಂಟು. ಕಾರಣ ತಿಳಿಯಲು ಯಾವ ಎಲೆ ಮೊದಲು ಬಣ್ಣಗೆಟ್ಟಿತು, ಹಳದಿ ಹೇಗೆ ಹರಡಿದೆ ಎಂಬುದನ್ನು ನೋಡಬೇಕು.

ತುದಿಯ ಎಳೆಯ ಎಲೆಗಳು ಹಳದಿಯಾಗಿ, ನರಗಳಷ್ಟೇ ಹಸಿರಾಗಿ ಉಳಿದಿದ್ದರೆ ಕಬ್ಬಿಣದ ಕೊರತೆಯನ್ನು ಶಂಕಿಸಬಹುದು. ಹಳೆಯ ಎಲೆಯಲ್ಲಿರುವ ಕಬ್ಬಿಣವನ್ನು ಗಿಡ ಚಿಗುರಿಗೆ ಸಾಗಿಸಲಾರದು. ಮ್ಯಾಂಗನೀಸ್ ಕೊರತೆಯೂ ಬಹುಮಟ್ಟಿಗೆ ಹೀಗೆಯೇ ಕಾಣುತ್ತದೆ. ಸಾರಜನಕ, ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಅವನ್ನು ಹಳೆಯ ಎಲೆಗಳಿಂದ ಹೀರಿ ಚಿಗುರಿಗೆ ಕೊಡುತ್ತದೆ; ಆದ್ದರಿಂದ ಬುಡದ ಎಲೆಗಳೇ ಮೊದಲು ಸೊರಗುತ್ತವೆ. ಸಾರಜನಕ ಸಾಲದಾಗ ಇಡೀ ಎಲೆ ಪೇಲವವಾಗುತ್ತದೆ. ಮೆಗ್ನೀಸಿಯಂ ಸಾಲದಾಗ ಅಂಚು ಮತ್ತು ನರಗಳ ನಡುವಿನ ಭಾಗ ಹಳದಿಯಾಗುತ್ತದೆ. ಎಲೆಯ ತುಂಬ ಸೂಜಿಮೊನೆಯಷ್ಟು ಹಳದಿ ಚುಕ್ಕೆಗಳಿದ್ದರೆ ಅಡಿಭಾಗದಲ್ಲಿ ನುಸಿ ಇದೆಯೇ ಎಂದು ಹುಡುಕಬೇಕು. ಒಳಗಿನ ನಾಲ್ಕಾರು ಹಣ್ಣೆಲೆ ಉದುರುವುದು ಸಹಜ.

ಕಬ್ಬಿಣದ ಕೊರತೆ ಎಂದಾಕ್ಷಣ ಮಣ್ಣಿನಲ್ಲಿ ಕಬ್ಬಿಣವೇ ಇಲ್ಲವೆಂದಲ್ಲ. ರಸಸಾರ 7 ದಾಟಿದರೆ ಅದು ಬಹುಪಾಲು ಕರಗದ ರೂಪದಲ್ಲಿ ಉಳಿದು ಬೇರಿಗೆ ದಕ್ಕುವುದಿಲ್ಲ. ಗಡಸು ನೀರು, ಗೋಡೆಯ ಬುಡದ ಸಿಮೆಂಟ್ ಚೂರು, ಸುಣ್ಣ, ಒಲೆಯ ಬೂದಿ ಇವೆಲ್ಲ ರಸಸಾರವನ್ನು ಏರಿಸುತ್ತವೆ. ಒಣಮಣ್ಣಿಗೆ ವಿನಿಗರ್ ಹಾಕಿದಾಗ ನೊರೆಯೆದ್ದರೆ ಸುಣ್ಣದ ಅಂಶವಿದೆ ಎಂದರ್ಥ. ನೊರೆ ಬಾರದಿದ್ದರೂ ಮಣ್ಣು ಹುಳಿಯಾಗಿದೆ ಎನ್ನಲಾಗದು. ಖಚಿತವಾಗಲು ಮಣ್ಣು ಪರೀಕ್ಷೆಯೇ ಬೇಕು. ಕುಂಡದಲ್ಲಿ ನೀರು ನಿಂತು ಬೇರು ಕಂದಾಗಿ ಮೆತ್ತಗಾಗಿದ್ದರೆ ಪೋಷಕಾಂಶಗಳಿದ್ದರೂ ಗಿಡ ಹೀರಲಾರದು. ಆಗ ಗೊಬ್ಬರಕ್ಕಿಂತ ಮೊದಲು ನೀರು ಬಸಿಯುವ ದಾರಿ ಸರಿಪಡಿಸಬೇಕು.

ಶಂಕೆ ಕಬ್ಬಿಣದ ಮೇಲಿದ್ದರೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ಸಂಜೆ ಒಂದೇ ಕೊಂಬೆಗೆ ಸಿಂಪಡಿಸಬಹುದು. ವಾರ ಹತ್ತು ದಿನದಲ್ಲಿ ಆ ಎಲೆಗಳು ಹಸಿರಾದರೆ ಊಹೆ ಸರಿ. ಈ ಸಿಂಪಡಣೆ ತಾತ್ಕಾಲಿಕ. ಸುಣ್ಣದ ಮಣ್ಣಿಗೆ ಇಡಿಡಿಎಚ್‌ಎ ಎಂಬ ಚೀಲೇಟ್ ರೂಪದ ಕಬ್ಬಿಣ ಹೆಚ್ಚು ಸೂಕ್ತ. ಅದು ರಸಸಾರ ಏರಿದರೂ ಕರಗಿಯೇ ಇರುತ್ತದೆ. ರಸಸಾರ ಇಳಿಸಲು ಹಾಕುವ ಗಂಧಕದ ಪುಡಿಯನ್ನು ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲವಾಗಿಸಲು ವಾರಗಳಿಂದ ತಿಂಗಳುಗಳೇ ಬೇಕು. ಸುಣ್ಣ ವಿಪರೀತವಾಗಿದ್ದರೆ ಗಿಡವನ್ನು ಹೊಸ ಮಣ್ಣಿನ ಕುಂಡಕ್ಕೆ ಬದಲಿಸಿ ಮಳೆನೀರು ಹಾಕುವುದು ಸುಲಭ. ಬಿಳಚಿದ ಹಳೆಯ ಎಲೆಗಳು ಪೂರ್ತಿ ಚೇತರಿಸದಿರಬಹುದು. ಚಿಕಿತ್ಸೆ ಫಲಿಸಿತೇ ಎಂಬುದನ್ನು ಮುಂದೆ ಬರುವ ಚಿಗುರಿನ ಬಣ್ಣದಿಂದ ಅಳೆಯಬೇಕು.