ಅಮೆರಿಕಾದ ಸಂಸ್ಥಾನಗಳು: ರಾಜಕೀಯ ಹೋಲಿಕೆಯ ಒಂದು ವಿಚಾರ

ಅಮೆರಿಕಾ ದೇಶಕ್ಕೆ ನಾವು ಕನ್ನಡದಲ್ಲಿ ‘ಸಂಯುಕ್ತ ಸಂಸ್ಥಾನ’ವೆಂಬ ಹೆಸರನ್ನಿಟ್ಟಿದ್ದೇವೆ. ಸಂಸ್ಥಾನವೆಂದೊಡನೆ ಅರಸು, ಅರಮನೆ, ದಿವಾನರು ನಮ್ಮ ಕಣ್ಣ ಮುಂದೆ ಸುಳಿಯುವುದು ಸಹಜ. ಅಲ್ಲಿಯ ಐವತ್ತು ಸಂಸ್ಥಾನಗಳಲ್ಲಿ ಅರಸರಿಲ್ಲ. ಜನರು ಆರಿಸಿದ ಗವರ್ನರು, ಶಾಸನಸಭೆ, ನ್ಯಾಯಸ್ಥಾನ, ತನ್ನದೇ ಆದ ರಾಜ್ಯಾಂಗ, ಇವು ಪ್ರತಿಯೊಂದಕ್ಕೂ ಉಂಟು. ಈ ಹೊರಗಟ್ಟು ಎಲ್ಲೆಲ್ಲಿಯೂ ಹೆಚ್ಚು ಕಡಮೆ ಒಂದೇ ಬಗೆಯದು. ನೆಬ್ರಾಸ್ಕವೊಂದು ಮಾತ್ರ ೧೯೩೭ರಿಂದ ಎರಡು ಸಭೆಗಳ ಬದಲು ಒಂದೇ ಸಭೆಯನ್ನಿಟ್ಟುಕೊಂಡಿದೆ.

ಹೊರಗಟ್ಟು ಒಂದೇ ಆದುದರಿಂದ, ಎರಡು ಸಂಸ್ಥಾನಗಳು ರಾಜಕೀಯದಲ್ಲಿ ಹೋಲುತ್ತವೆಯೇ ಎಂದು ಕೇಳುವವರು ಸಾಮಾನ್ಯವಾಗಿ ಪಕ್ಷವನ್ನು ನೋಡುತ್ತಾರೆ. ಅಧ್ಯಕ್ಷರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಮತವಿತ್ತವು ಒಂದು ಗುಂಪು, ಡೆಮೊಕ್ರಾಟಿಕ್ ಪಕ್ಷಕ್ಕಿತ್ತವು ಇನ್ನೊಂದು. ಭೂಪಟಕ್ಕೆ ಎರಡು ಬಣ್ಣ ಬಳಿದರೆ ಕೆಲಸ ಮುಗಿಯಿತು. ಈ ಅಳತೆಗೋಲು ಎಷ್ಟು ನೆಚ್ಚತಕ್ಕದ್ದೆಂಬುದನ್ನು ಉತ್ತರದ ವರ್ಮಾಂಟ್, ದಕ್ಷಿಣದ ಮಿಸಿಸಿಪಿ ಎಂಬ ಎರಡು ಸಂಸ್ಥಾನಗಳನ್ನು ಹಿಡಿದು ಪರೀಕ್ಷಿಸೋಣ.

೧೯೩೬ರ ಚುನಾವಣೆಯಲ್ಲಿ ಆಗಿದ್ದ ೪೮ ಸಂಸ್ಥಾನಗಳ ಪೈಕಿ ೪೬ ಡೆಮೊಕ್ರಾಟ್ ಪಕ್ಷದ ರೂಸ್‌ವೆಲ್ಟರನ್ನು ಆರಿಸಿದುವು. ಒಪ್ಪದೆ ನಿಂತವು ಎರಡೇ, ಮೇನ್ ಮತ್ತು ವರ್ಮಾಂಟ್. ಮೇನ್ ಸಂಸ್ಥಾನದಲ್ಲಿ ಸ್ಥಳೀಯ ಚುನಾವಣೆ ಸೆಪ್ಟೆಂಬರಿನಲ್ಲಿಯೇ ನಡೆಯುತ್ತಿದ್ದುದರಿಂದ, ಮೇನ್ ಹೋದ ದಾರಿಯಲ್ಲಿ ದೇಶ ಹೋಗುವುದೆಂಬ ಗಾದೆಯೊಂದು ಹುಟ್ಟಿಕೊಂಡಿತ್ತು. ರೂಸ್‌ವೆಲ್ಟರ ಪರವಾಗಿ ಚುನಾವಣೆ ನಡೆಸಿದ ಜೇಮ್ಸ್ ಫಾರ್ಲೆಯವರು ಅದನ್ನು ತಿದ್ದಿ, ಮೇನ್ ಹೋದ ದಾರಿಯಲ್ಲಿ ವರ್ಮಾಂಟ್ ಹೋಗುವುದೆಂದು ಹಾಸ್ಯ ಮಾಡಿದರು. ಅದೇ ವರ್ಷ ಮಿಸಿಸಿಪಿಯಲ್ಲಿ ರೂಸ್‌ವೆಲ್ಟರಿಗೆ ಬಿದ್ದ ಮತಗಳು ನೂರಕ್ಕೆ ೯೭. ಇಂಥ ಒಮ್ಮತವನ್ನು ಕಂಡಾಗ ಸಂತೋಷಪಡುವುದಕ್ಕೆ ಮುಂಚೆ ತುಸು ಸಂದೇಹಪಡುವುದು ಒಳ್ಳೆಯದು.

ಮತಗಳನ್ನು ಎಣಿಸಿ ನೋಡಿದರೆ ಸಂಗತಿ ಹೊರಬೀಳುತ್ತದೆ. ವರ್ಮಾಂಟಿನ ಜನಸಂಖ್ಯೆ ಆಗ ಸುಮಾರು ಮೂರೂವರೆ ಲಕ್ಷ. ಬಿದ್ದ ಮತಗಳು ಒಂದು ಲಕ್ಷ ನಾಲ್ವತ್ತುಮೂರು ಸಾವಿರಕ್ಕೆ ಮೇಲೆ. ಮಿಸಿಸಿಪಿಯ ಜನಸಂಖ್ಯೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಬಿದ್ದ ಮತಗಳು ಸುಮಾರು ಒಂದು ಲಕ್ಷ ಅರವತ್ತೆರಡು ಸಾವಿರ. ಉಳಿದವರೆಲ್ಲರೂ ಮಕ್ಕಳೇ? ಅಲ್ಲ. ಮಿಸಿಸಿಪಿಯ ೧೮೯೦ರ ರಾಜ್ಯಾಂಗವು ಮತದಾರನ ಮೇಲೆ ಎರಡು ಡಾಲರಿನ ತಲೆಗಂದಾಯವನ್ನು ಹೇರಿತು. ಅದರ ಜೊತೆಗೆ, ರಾಜ್ಯಾಂಗದ ಯಾವುದಾದರೊಂದು ವಿಧಿಯನ್ನು ಓದಬೇಕು, ಇಲ್ಲವೆ ಓದಿ ಹೇಳಿದ್ದನ್ನು ಗ್ರಹಿಸಿ ಸರಿಯಾದ ಅರ್ಥ ಹೇಳಬೇಕು ಎಂಬ ಪರೀಕ್ಷೆಯನ್ನೂ ಇಟ್ಟಿತು. ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಪಟ್ಟಿ ಬರೆಯುವ ಅಧಿಕಾರಿ. ರಾಜ್ಯಾಂಗದ ಅರ್ಥದ ವಿಷಯದಲ್ಲಿ ದೊಡ್ಡ ದೊಡ್ಡ ನ್ಯಾಯಾಧೀಶರೇ ಒಮ್ಮತಕ್ಕೆ ಬಾರರೆಂಬುದನ್ನು ಬಲ್ಲವರಿಗೆ, ಹೊಲದಿಂದ ಬಂದ ಕರಿಯ ರೈತನ ಪಾಡೇನಾಗಿದ್ದಿತೆಂದು ವಿವರಿಸಬೇಕಾಗಿಲ್ಲ. ಕಂದಾಯದ ದೆಸೆಯಿಂದ ಬಡ ಬಿಳಿಯರೂ ಅನೇಕರು ಹೊರಗುಳಿದರು.

ಇದಕ್ಕಿಂತಲೂ ವಿಚಿತ್ರವಾದುದು ಮತ್ತೊಂದುಂಟು. ಅಧ್ಯಕ್ಷರನ್ನು ಆರಿಸುವಾಗ ಪ್ರತಿ ಸಂಸ್ಥಾನಕ್ಕೂ ಇಂತಿಷ್ಟು ಚುನಾಯಕರೆಂದು ಗೊತ್ತುಮಾಡಿದೆ. ಆ ಲೆಕ್ಕದ ಬಹುಭಾಗ ಜನಸಂಖ್ಯೆಯನ್ನು ಅನುಸರಿಸುತ್ತದೆ. ಮತವಿಲ್ಲದವನೂ ಜನಸಂಖ್ಯೆಯಲ್ಲಿ ಸೇರಿದವನೇ. ಹೀಗೆ ೧೯೩೬ರಲ್ಲಿ ಮಿಸಿಸಿಪಿಗೆ ೯ ಚುನಾಯಕರು, ವರ್ಮಾಂಟಿಗೆ ೩. ಭಾಗಿಸಿ ನೋಡಿದರೆ ಅಲ್ಲಿ ಹದಿನೆಂಟು ಸಾವಿರ ಮತಗಳಿಗೆ ಒಬ್ಬ ಚುನಾಯಕ, ಇಲ್ಲಿ ನಾಲ್ವತ್ತೆಂಟು ಸಾವಿರದಷ್ಟು ಮತಗಳಿಗೆ ಒಬ್ಬ. ಬಾಯಿ ಮುಚ್ಚಿಸಲ್ಪಟ್ಟವನ ತಲೆಯೆಣಿಕೆಯಿಂದ ಬಂದ ಬಲವನ್ನು ಅವನ ಬಾಯಿ ಮುಚ್ಚಿಸಿದವರೇ ಅನುಭವಿಸುತ್ತಿದ್ದರು. ನಮಗೆ ತೋರುವಂತೆ ಈ ಎರಡು ಸಂಸ್ಥಾನಗಳ ನಿಜವಾದ ಭೇದ ಇಲ್ಲಿತ್ತು, ಪಕ್ಷದ ಹೆಸರಿನಲ್ಲಲ್ಲ.

ಪಕ್ಷದ ಹೆಸರಾದರೋ ಮುಂದೆ ತಲೆಕೆಳಗಾಯಿತು. ೧೮೫೬ರಿಂದ ಒಮ್ಮೆಯೂ ತಪ್ಪದೆ ರಿಪಬ್ಲಿಕನ್ನರಿಗೇ ಮತ ಕೊಟ್ಟ ವರ್ಮಾಂಟ್, ೧೯೬೪ರಲ್ಲಿ ಮೊದಲ ಬಾರಿಗೆ ಡೆಮೊಕ್ರಾಟ್ ಪಕ್ಷದ ಜಾನ್ಸನ್ನರನ್ನು ಮೆಚ್ಚಿತು. ಅದೇ ದಿನ ಮಿಸಿಸಿಪಿ ನೂರಕ್ಕೆ ೮೭ ಮತಗಳನ್ನು ರಿಪಬ್ಲಿಕನ್ ಪಕ್ಷದ ಗೋಲ್ಡ್‌ವಾಟರರಿಗೆ ಕೊಟ್ಟಿತು. ಆ ವರ್ಷದ ಜುಲೈಯಲ್ಲಿ ಜಾನ್ಸನ್ನರು ವರ್ಣಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಶಾಸನಕ್ಕೆ ಸಹಿ ಹಾಕಿದ್ದರು. ಗೋಲ್ಡ್‌ವಾಟರರು ಸೆನೆಟಿನಲ್ಲಿ ಅದಕ್ಕೆ ವಿರೋಧವಾಗಿ ಮತವಿತ್ತಿದ್ದರು. ಮಿಸಿಸಿಪಿಯ ಬಿಳಿಯ ಮತದಾರರು ತಾವು ನಿಂತಲ್ಲೇ ನಿಂತಿದ್ದರು. ಅವರ ಕಾಲ ಕೆಳಗೆ ಪಕ್ಷಗಳು ಸ್ಥಳ ಬದಲಾಯಿಸಿದುವು. ಇಂದು ಮಿಸಿಸಿಪಿ ೧೯೮೦ರಿಂದ ಎಡೆಬಿಡದೆ ರಿಪಬ್ಲಿಕನ್, ವರ್ಮಾಂಟ್ ೧೯೯೨ರಿಂದ ಎಡೆಬಿಡದೆ ಡೆಮೊಕ್ರಾಟ್. ಆದರೂ ಅದೇ ವರ್ಮಾಂಟ್ ೨೦೧೬ರಿಂದ ಫಿಲ್ ಸ್ಕಾಟ್ ಎಂಬ ರಿಪಬ್ಲಿಕನ್ ಗವರ್ನರನ್ನು ಮತ್ತೆ ಮತ್ತೆ ಆರಿಸುತ್ತಿದೆ. ರಿಪಬ್ಲಿಕನ್ನರ ಕೋಟೆಯೆನಿಸಿದ ಕೆಂಟಕಿಯಾದರೋ ೨೦೧೯ರಲ್ಲಿಯೂ ೨೦೨೩ರಲ್ಲಿಯೂ ಡೆಮೊಕ್ರಾಟ್ ಗವರ್ನರನ್ನು ಆರಿಸಿತು. ಭೂಪಟದಲ್ಲಿ ಎದುರು ಬಣ್ಣದ ಈ ಎರಡರ ಮತದಾರರು, ಮನೆಯ ಕಾರುಬಾರಿಗೆ ಒಬ್ಬನನ್ನೂ ದೇಶದ ಕಾರುಬಾರಿಗೆ ಇನ್ನೊಬ್ಬನನ್ನೂ ಬೇರೆಬೇರೆಯಾಗಿ ತೂಗುವ ಗುಣದಲ್ಲಿ ನೆಂಟರೆಂದೇ ಹೇಳಬೇಕು.

ಮಿಸಿಸಿಪಿಯಲ್ಲಿ ದೊಡ್ಡ ಬದಲಾವಣೆಯನ್ನು ತಂದುದು ೧೯೬೫ರ ಮತದಾನದ ಹಕ್ಕಿನ ಶಾಸನ. ಅದಕ್ಕೆ ಮುಂಚೆ ಅಲ್ಲಿಯ ಕರಿಯ ವಯಸ್ಕರಲ್ಲಿ ಮತದಾರರ ಪಟ್ಟಿಗೆ ಸೇರಿದ್ದವರು ನೂರಕ್ಕೆ ಏಳು ಮಂದಿಯೂ ಇರಲಿಲ್ಲ. ೧೯೬೭ರ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಮಂದಿ ಸೇರಿದ್ದರು. ಪಕ್ಷದ ಬಣ್ಣವನ್ನು ಮಾತ್ರ ನೋಡುವವನಿಗೆ ಈ ಕ್ರಾಂತಿ ಕಾಣಿಸುವುದೇ ಇಲ್ಲ.

ಆದರೂ ೧೮೯೦ರ ರಾಜ್ಯಾಂಗದ ಕೊಂಡಿಯೊಂದು ಉಳಿದೇ ಇತ್ತು. ಗವರ್ನರ ಪದವಿಯೇ ಮೊದಲಾದ ಹುದ್ದೆಗಳಿಗೆ ನಿಂತವನು ಒಟ್ಟು ಮತಗಳಲ್ಲಿ ಬಹುಮತವನ್ನು ಪಡೆದರೆ ಸಾಲದು. ಶಾಸನಸಭೆಯ ಕ್ಷೇತ್ರಗಳ ಪೈಕಿ ಹೆಚ್ಚಿನವನ್ನೂ ಗೆಲ್ಲಬೇಕು. ಇಲ್ಲದಿದ್ದರೆ ಆಯ್ಕೆ ಆ ಸಭೆಯ ಕೈಗೆ ಹೋಗುವುದು. ಈ ವಿಧಿಯನ್ನು ಮಿಸಿಸಿಪಿಯ ಮತದಾರರು ತೆಗೆದುಹಾಕಿದ್ದು ೨೦೨೦ರ ನವೆಂಬರಿನಲ್ಲಿ.