ಬೆಂಗಳೂರಿನ ನಡುಪೇಟೆಯ ಬಯಲುಗಳು

ನಗರಮಧ್ಯದ ಉದ್ಯಾನಗಳನ್ನೂ ಬಯಲುಗಳನ್ನೂ ಪರೀಕ್ಷಿಸುವವರು ವಿಸ್ತೀರ್ಣವೊಂದನ್ನೇ ಪ್ರಮಾಣವಾಗಿ ಹಿಡಿಯುವುದುಂಟು. ಈ ದೃಷ್ಟಿಯಿಂದ ಬೆಂಗಳೂರಿಗೆ ಕೊರತೆಯೇನೂ ಕಾಣದು. ಹೈದರಾಲಿಯ ಕಾಲದಲ್ಲಿ ಮೊದಲಾದ ಲಾಲ್‌ಬಾಗು ಸುಮಾರು ೨೪೦ ಎಕರೆಯಷ್ಟಿದೆ. ೧೮೭೦ರಲ್ಲಿ ರಿಚರ್ಡ್ ಸ್ಯಾಂಕಿಯು ರೂಪಿಸಿದ ಕಬ್ಬನ್ ಉದ್ಯಾನವು ಸುಮಾರು ನೂರು ಎಕರೆಯಿಂದ ಮುನ್ನೂರು ಎಕರೆಯವರೆಗೆ ಬೆಳೆಯಿತು. ಆದರೆ ಇವೆರಡೂ ಹಳೆಯ ಪೇಟೆಯ ಹೊರಗೆ ಹುಟ್ಟಿದವು. ಕೆಂಪೇಗೌಡನು ೧೫೩೭ರಲ್ಲಿ ಕಟ್ಟಿಸಿದನೆಂದು ಹೇಳುವ ಪೇಟೆಯ ಜನಕ್ಕೆ ಬಯಲೆಂಬುದು ಯಾವುದಾಗಿತ್ತು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಪೇಟೆಯಲ್ಲಿ ಉದ್ಯಾನವೆಂಬ ಪ್ರತ್ಯೇಕ ಸ್ಥಳವನ್ನು ಹುಡುಕುವುದು ಸರಿಯಲ್ಲ. ಕೆರೆಯ ಏರಿ, ನೀರಿಳಿದ ಕೆರೆಯಂಗಳ, ಅರಳಿಕಟ್ಟೆ, ಗುಡಿಯ ಮುಂದಣ ಬಯಲು, ಊರಂಚಿನ ತೋಪು, ಇವೇ ಆ ಕೆಲಸವನ್ನು ಮಾಡುತ್ತಿದ್ದವು. ಭಾಷೆಯಲ್ಲಿ ಇವುಗಳಿಗೆ ಬೇರೆ ಬೇರೆ ಹೆಸರುಗಳಿರುವುದೇ ಬಳಕೆಯ ಭೇದಕ್ಕೆ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ಹರಿದು ಬಂದ ಮೇಲೆ ಊರೊಳಗಿನ ಕೆರೆಗಳ ಅವಶ್ಯಕತೆ ಕುಗ್ಗಿತು. ಅವಶ್ಯಕತೆ ಕುಗ್ಗಿದ ನೆಲಕ್ಕೆ ಕಾವಲೂ ತಪ್ಪಿತು. ಸಿದ್ದಿಕಟ್ಟೆಯ ಸ್ಥಳದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯೂ, ಧರ್ಮಾಂಬುಧಿ ಕೆರೆಯಲ್ಲಿ ಬಸ್ಸು ನಿಲ್ದಾಣವೂ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವೂ ಎದ್ದವು. ಇವೆಲ್ಲವೂ ಸಾರ್ವಜನಿಕ ಕಾರ್ಯಗಳೇ ಸರಿ. ಆದರೆ ಹಣವಾಗಲಿ ಕೆಲಸವಾಗಲಿ ಇಲ್ಲದವನು ಸುಮ್ಮನೆ ಕುಳಿತಿರಬಹುದಾದ ಎಡೆಯು ಅಷ್ಟರಮಟ್ಟಿಗೆ ಇಲ್ಲವಾಯಿತು.

ಸಂಪಂಗಿ ಕೆರೆಯಲ್ಲಿ ಮಾತ್ರ ಒಂದು ಚಿಕ್ಕ ಕೊಳವು ಉಳಿದಿದೆ. ಧರ್ಮರಾಯನ ಗುಡಿಯ ಕರಗದ ವಿಧಿಗಳಿಗೆ ಅದು ಬೇಕಾದುದೇ ಇದಕ್ಕೆ ಕಾರಣ. ದೊಡ್ಡ ಉದ್ಯಾನಗಳಿಗೆ ೧೯೭೫ರ ಉದ್ಯಾನ ಸಂರಕ್ಷಣಾ ಶಾಸನವು ಬೆಂಬಲವಾಯಿತು. ಈ ಕೊಳಕ್ಕೆ ತಿಗಳ ಸಮುದಾಯದ ಆಚಾರವೇ ಬೆಂಬಲವಾಯಿತು. ಕಳೆದುದು ಮರಳಿ ಬರುವುದೂ ಅಪೂರ್ವವಾಗಿ ಉಂಟು: ಹಳೆಯ ಸೆಂಟ್ರಲ್ ಜೈಲಿನ ಆವರಣವು ೨೦೦೮ರಲ್ಲಿ ಫ್ರೀಡಂ ಪಾರ್ಕ್ ಎಂಬ ಹೆಸರಿನಿಂದ ಜನರಿಗೆ ತೆರೆಯಿತು.

ಆದುದರಿಂದ ಬಯಲಿನ ಯೋಗ್ಯತೆಯನ್ನು ಅಳೆಯುವಲ್ಲಿ ಎಕರೆಗಳ ಲೆಕ್ಕದೊಡನೆ ಮೂರು ಸಂಗತಿಗಳನ್ನಾದರೂ ಗಣಿಸಬೇಕು: ಮಕ್ಕಳೂ ಮುದುಕರೂ ನಡೆದು ತಲುಪುವಷ್ಟು ಅದು ಸಮೀಪವೇ, ಅದರ ಬಾಗಿಲು ಎಲ್ಲರಿಗೂ ತೆರೆದಿದೆಯೇ, ಅದನ್ನು ತಮ್ಮದೆಂದು ಬಳಸುವ ಜನರಿದ್ದಾರೆಯೇ. ಮೂರನೆಯದು ಇಲ್ಲದಲ್ಲಿ ಮೊದಲಿನ ಎರಡೂ ಬಹುಕಾಲ ಉಳಿಯಲಾರವೆಂಬುದನ್ನು ಪೇಟೆಯ ಕೆರೆಗಳ ಚರಿತ್ರೆಯು ತೋರಿಸುತ್ತದೆ.